ಸೋತವರಿಗೆ ಇನ್ನೊಂದು ಕುಸ್ತಿ

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಕೌಟುಂಬಿಕ ಹಾಕಿಯದೇ ಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಇದನ್ನು ಶುರು ಮಾಡಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆಯುವ ಹೊತ್ತಿಗೆ ಆ ಸಂಖ್ಯೆ 360 ಆಗಿತ್ತು. ನನ್ನ ಊರು ಕುಶಾಲನಗರ. ನಾನು ಆಡುವವರ ಪೈಕಿ ಅಲ್ಲ, ನೋಡುವವರ ಪೈಕಿ. ಗ್ಯಾಲರಿಯಲ್ಲಿ ಕುಳಿತಾಗ ನನ್ನ ಕಣ್ಣು ಹೋಗುವುದು ಸೋತವರ ಕಡೆಗೆ. ಬೆಂಗಳೂರಿನಿಂದ ರಜೆ ಹಾಕಿ ಬಂದ ಹುಡುಗರು, ಅವರ ಆಟ ನೋಡಲೆಂದೇ ಜೀಪು ಹತ್ತಿ ಬಂದ ಅಜ್ಜಂದಿರು, ಬುತ್ತಿ ಕಟ್ಟಿಕೊಂಡು ಬಂದ ಅಮ್ಮಂದಿರು. ಒಂದೇ ಮ್ಯಾಚು, ಟೈಬ್ರೇಕರ್‌ನಲ್ಲಿ ಒಂದು ಗೋಲು ಕಮ್ಮಿ. ಬುತ್ತಿ ಬಿಚ್ಚುವ ಮೊದಲೇ ಆ ಮನೆಯವರ ಈ ವರ್ಷದ ಹಾಕಿ ಮುಗಿದುಹೋಗಿರುತ್ತದೆ.

ಯಾಕೆ ಹೀಗೆ ಎಂದರೆ ಲೆಕ್ಕ ಸರಳ. 360 ತಂಡಗಳಲ್ಲಿ ಒಂದು ಉಳಿಯಬೇಕು, ಉಳಿದ 359 ಸೋಲಬೇಕು. ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುತ್ತದೆ. ಅಂದರೆ 359 ಪಂದ್ಯ. ಎರಡು ಸಲ ಸೋತರೆ ಮಾತ್ರ ಹೊರಗೆ ಎಂದು ನಿಯಮ ಮಾಡಿದರೆ ಪಂದ್ಯಗಳ ಸಂಖ್ಯೆ 718 ಅಥವಾ 719 ಆಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವ ನಮ್ಮ ಜಿಲ್ಲೆಯಲ್ಲಿ ಅಷ್ಟು ಆಡಿಸುವುದು ಹೇಗೆ? ನಾಕೌಟ್ ಎನ್ನುವುದು ಮೈದಾನ ಮತ್ತು ದಿನಗಳ ಕೊರತೆಯಿಂದ ಹುಟ್ಟಿದ ಪದ್ಧತಿ. ಇದರಲ್ಲಿ ಯಾರದೂ ತಪ್ಪಿಲ್ಲ.

ಆದರೂ ನಾಕೌಟ್‌ನಲ್ಲಿ ಒಂದು ತೊಡಕು ಇದೆ. ನಾಲ್ಕನೇ ಸೆಮಿಸ್ಟರ್‌ನ ಅಲ್ಗಾರಿದಮ್ ಕ್ಲಾಸಿನಲ್ಲಿ ಇದು ಬಂದಾಗ ನನಗೆ ನೇರವಾಗಿ ನಾಪೋಕ್ಲು ನೆನಪಾಯಿತು. ನಾಕೌಟ್‌ನಿಂದ ಅತ್ಯುತ್ತಮ ತಂಡ ಯಾವುದೆಂದು ಗೊತ್ತಾಗುತ್ತದೆ, ಎರಡನೇ ಅತ್ಯುತ್ತಮ ತಂಡ ಯಾವುದೆಂದು ಗೊತ್ತಾಗುವುದಿಲ್ಲ. ಫೈನಲ್‌ನಲ್ಲಿ ಸೋತವರೇ ಎರಡನೆಯವರು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾದ ಎರಡನೆಯವರು ಮೊದಲ ಸುತ್ತಿನಲ್ಲೇ ಚಾಂಪಿಯನ್ನರ ಎದುರಿಗೆ ಸಿಕ್ಕಿ ಮನೆಗೆ ಹೋಗಿರಬಹುದಲ್ಲ? ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರೊಲ್ ಗಣಿತದ ಮೇಷ್ಟ್ರೂ ಆಗಿದ್ದರು. 1883ರಲ್ಲೇ ಟೆನಿಸ್ ಟೂರ್ನಿಗಳ ಈ ಅನ್ಯಾಯದ ಬಗ್ಗೆ ಅವರು ಒಂದು ಪುಸ್ತಿಕೆ ಬರೆದಿದ್ದರು. ಪರಿಹಾರಕ್ಕೆ 719 ಪಂದ್ಯ ಬೇಕಾಗಿಲ್ಲ. ಚಾಂಪಿಯನ್ನರ ಕೈಯಲ್ಲಿ ಸೋತವರನ್ನು ಮಾತ್ರ ವಾಪಸ್ ಕರೆಯಬೇಕು. 360 ತಂಡಗಳ ಟೂರ್ನಿಯಲ್ಲಿ ಗೆದ್ದ ತಂಡ ಆಡುವುದು ಹೆಚ್ಚೆಂದರೆ ಒಂಬತ್ತು ಪಂದ್ಯ. ಆ ಒಂಬತ್ತು ಸೋತವರ ನಡುವೆ ಇನ್ನು ಎಂಟು ಪಂದ್ಯ ಆಡಿಸಿದರೆ ಸಾಕು.

ಕುಸ್ತಿಯಲ್ಲಿ ಇದಕ್ಕೆ ರೆಪೆಚೇಜ್ ಎನ್ನುತ್ತಾರೆ. ಫ್ರೆಂಚ್ ಪದ, ಮುಳುಗಿದವರನ್ನು ಮೇಲೆತ್ತುವುದು ಎನ್ನುವಂಥ ಅರ್ಥ. ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ನಿಮಗೆ ಕಂಚಿನ ಪದಕದ ದಾರಿ ಮತ್ತೆ ತೆರೆಯುತ್ತದೆ. 2008ರ ಬೀಜಿಂಗ್‌ನಲ್ಲಿ ಸುಶೀಲ್ ಕುಮಾರ್ ಮೊದಲ ಬೌಟ್‌ನಲ್ಲೇ ಉಕ್ರೇನಿನ ಸ್ಟಾಡ್ನಿಕ್ ಎದುರು ಸೋತರು. ಸ್ಟಾಡ್ನಿಕ್ ಫೈನಲ್‌ಗೆ ಹೋದದ್ದರಿಂದ ಸುಶೀಲ್‌ಗೆ ಕರೆ ಬಂತು, ಮೂರು ಬೌಟ್ ಗೆದ್ದು ಕಂಚು ತಂದರು. 2012ರಲ್ಲಿ ಯೋಗೇಶ್ವರ್ ದತ್, 2016ರಲ್ಲಿ ಸಾಕ್ಷಿ ಮಲಿಕ್ ಪದಕ ಗೆದ್ದದ್ದೂ ಇದೇ ಬಾಗಿಲಿನಿಂದ. 2024ರ ಪ್ಯಾರಿಸ್‌ನಲ್ಲಿ ಓಟದ ಕೆಲವು ಸ್ಪರ್ಧೆಗಳಿಗೂ ರೆಪೆಚೇಜ್ ಸುತ್ತು ಬಂತು.

ಈ ಮೂವರ ಹೆಸರು ನಮಗೆಲ್ಲ ಗೊತ್ತು. ಇವರಿಗಿಂತ ಎಷ್ಟೋ ವರ್ಷ ಮೊದಲು, ಸೋತವರನ್ನು ಉಳಿಸಿಕೊಳ್ಳುವ ಇನ್ನೊಂದು ನಿಯಮದಡಿ ಕಂಚು ಗೆದ್ದವರು ಖಾಶಾಬಾ ದಾದಾಸಾಹೇಬ ಜಾಧವ್. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅವರದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಒಂದು ಸಾಲಿನ ಜನರಲ್ ನಾಲೆಜ್ ಪ್ರಶ್ನೆಯಾಗಿ ಬಾಯಿಪಾಠ ಮಾಡಿರುತ್ತೀರಿ. ಆ ಒಂದು ಸಾಲಿನ ಹಿಂದೆ ಎಷ್ಟು ಸೋಲುಗಳಿವೆ ಎನ್ನುವುದೇ ನನಗೆ ಮುಖ್ಯವಾಗಿ ಕಂಡದ್ದು.

ಬೆಂಗಳೂರಿನಿಂದ ಪುಣೆಗೆ ಬಸ್ಸಿನಲ್ಲಿ ಹೋದವರಿಗೆ ನೆನಪಿರಬಹುದು, ನಿಪ್ಪಾಣಿ, ಕೊಲ್ಹಾಪುರ ದಾಟಿದ ಮೇಲೆ ಕರಾಡ ಬರುತ್ತದೆ. ಕೃಷ್ಣೆಗೆ ಕೊಯ್ನಾ ನದಿ ಸೇರುವ ಊರು. ಹಾಕಿ ಹಬ್ಬ ಹುಟ್ಟಿದ ನಮ್ಮ ಕರಡಕ್ಕೂ ಆ ಕರಾಡಕ್ಕೂ ಒಂದು ದೀರ್ಘದಷ್ಟೇ ವ್ಯತ್ಯಾಸ. ಅದರ ಪಕ್ಕದ ಗೋಳೇಶ್ವರ ಎಂಬ ಹಳ್ಳಿಯಲ್ಲಿ 1926ರ ಜನವರಿ 15ರಂದು ಜಾಧವ್ ಹುಟ್ಟಿದರು. ತಂದೆ ದಾದಾಸಾಹೇಬರು ಪೈಲ್ವಾನರು, ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಮನೆಯಲ್ಲೇ ಅಖಾಡ ಇದ್ದ ಹಾಗೆ. ಕರಾಡದ ತಿಲಕ್ ಹೈಸ್ಕೂಲಿನಲ್ಲಿ ಓದುವಾಗಲೇ ಕ್ವಿಟ್ ಇಂಡಿಯಾ ಚಳವಳಿ ಬಂತು. ಭೂಗತರಾಗಿದ್ದ ಹೋರಾಟಗಾರರಿಗೆ ಆಸರೆ ಕೊಡುವ, ಅವರ ಕೆಲಸಕ್ಕೆ ನೆರವಾಗುವ ಹುಡುಗರಲ್ಲಿ ಅವರೂ ಒಬ್ಬರಾಗಿದ್ದರು. ಆಮೇಲೆ ಕೊಲ್ಹಾಪುರದ ರಾಜಾರಾಮ್ ಕಾಲೇಜು ಸೇರಿದರು.

ಕುಸ್ತಿಯ ಮಟ್ಟಿಗೆ ಕೊಲ್ಹಾಪುರ ಎಂದರೆ ಕೊಲ್ಹಾಪುರವೇ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಪೈಲ್ವಾನರಿಗೂ ಅದು ದೂರದ ಊರಲ್ಲ. ಆದರೆ ಅಲ್ಲಿಯ ಕುಸ್ತಿ ಮಣ್ಣಿನದು. ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು, ಅಷ್ಟೇ. ಒಲಿಂಪಿಕ್ಸ್‌ನದು ಮ್ಯಾಟ್ ಮೇಲಿನ ಕುಸ್ತಿ. ಅಲ್ಲಿ ಹೊತ್ತು ಲೆಕ್ಕ, ಪಾಯಿಂಟ್ ಲೆಕ್ಕ, ಹಿಡಿತಗಳಿಗೂ ಬೇರೆ ನಿಯಮ. ಮಣ್ಣಿನಲ್ಲಿ ಕಾಲೂರಿ ನಿಂತ ಅಭ್ಯಾಸದವರು ಮ್ಯಾಟ್ ಹತ್ತಿದರೆ ಹೆಜ್ಜೆಯೇ ಬೇರೆಯಾಗುತ್ತದೆ.

1948ರಲ್ಲಿ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟು ಜಾಧವ್ ಅವರನ್ನು ಲಂಡನ್ ಒಲಿಂಪಿಕ್ಸ್‌ಗೆ ಕಳಿಸಿದರು. ಆಗ ವಯಸ್ಸು 22. ಫ್ಲೈವೇಟ್, ಅಂದರೆ 52 ಕೆ.ಜಿ. ವಿಭಾಗ. ಮ್ಯಾಟ್ ಅವರಿಗೆ ಹೊಸದು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಅಮೆರಿಕದ ಮಾಜಿ ಪೈಲ್ವಾನ ರೀಸ್ ಗಾರ್ಡನರ್ ತರಬೇತಿ ಕೊಟ್ಟರು. ಆಸ್ಟ್ರೇಲಿಯಾ ಮತ್ತು ಅಮೆರಿಕದ ಕುಸ್ತಿಪಟುಗಳನ್ನು ಸೋಲಿಸಿದ ಜಾಧವ್, ಇರಾನಿನ ಮನ್ಸೂರ್ ರಯೀಸಿ ಎದುರು ಸೋತು ಆರನೇ ಸ್ಥಾನದಲ್ಲಿ ಉಳಿದರು. ಆರನೇ ಸ್ಥಾನಕ್ಕೆ ಪದಕ ಇಲ್ಲ, ಊರಿಗೆ ಬಂದರೆ ಮೆರವಣಿಗೆ ಇಲ್ಲ. ಆದರೆ ಮ್ಯಾಟ್ ಎಂದರೆ ಏನು ಎಂದು ಗೊತ್ತಾಯಿತು. ಮುಂದಿನ ನಾಲ್ಕು ವರ್ಷದ ಅಭ್ಯಾಸ ನಿಂತದ್ದು ಇದರ ಮೇಲೆ. ತೂಕದ ವಿಭಾಗವನ್ನೂ ಬದಲಿಸಿ 57 ಕೆ.ಜಿ.ಯ ಬ್ಯಾಂಟಮ್‌ವೇಟ್‌ಗೆ ಬಂದರು.

1952ಕ್ಕೆ ಆಯ್ಕೆ ಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರು ಇರಲಿಲ್ಲ. ಮದ್ರಾಸಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ತನಗೆ ಒಂದು ಪಾಯಿಂಟ್ ಕಡಿಮೆ ಕೊಟ್ಟರು ಎಂಬುದು ಅವರ ದೂರಾಗಿತ್ತು. ದೂರು ಹೇಳುತ್ತಾ ಊರಲ್ಲಿ ಕುಳಿತುಕೊಳ್ಳಬಹುದಿತ್ತು. ಅವರು ಪಟಿಯಾಲ ಮಹಾರಾಜರ ಬಳಿಗೆ ಅಹವಾಲು ಒಯ್ದರು. ಕುಸ್ತಿಯ ಅಭಿಮಾನಿಯಾದ ಮಹಾರಾಜರು ಮತ್ತೊಂದು ಟ್ರಯಲ್ಸ್ ಏರ್ಪಡಿಸಿದರು. ಜಾಧವ್ ಎದುರಾಳಿಯನ್ನು ಚಿತ್ ಮಾಡಿದರು, ಪಟ್ಟಿಗೆ ಹೆಸರು ಸೇರಿತು. ಇದು ಯಾವ ನಿಯಮ ಪುಸ್ತಕದಲ್ಲೂ ಇದ್ದ ಎರಡನೇ ಅವಕಾಶ ಅಲ್ಲ, ಕೇಳಿ ಪಡೆದದ್ದು. ಅವರು ಕೇಳಿದ್ದು ಸೀಟನ್ನಲ್ಲ, ಇನ್ನೊಂದು ಕುಸ್ತಿಯನ್ನು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲೋ ಬೇಡವೋ ಎಂದು ಗಡುವಿನ ಕೊನೆಯ ದಿನದವರೆಗೂ ಯೋಚಿಸುವ ನನ್ನ ಹಾಸ್ಟೆಲ್ ಗೆಳೆಯರಿಗೆ ಈ ಭಾಗವನ್ನು ಎರಡು ಸಲ ಹೇಳಿದ್ದೇನೆ.

ಆಯ್ಕೆ ಆದರೂ ಹಣ ಇರಲಿಲ್ಲ. ಸರ್ಕಾರದಿಂದ ಬರುವ ಲಕ್ಷಣ ಕಾಣಲಿಲ್ಲ. ಗೋಳೇಶ್ವರದ ಜನ ಕೈಲಾದಷ್ಟು ಕೂಡಿಸಿದರು, ಮನೆಯವರು ಊರೂರು ತಿರುಗಿದರು. ಅಷ್ಟೂ ಸಾಲದಾದಾಗ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. 1952ರ 7,000 ರೂಪಾಯಿ ಎಂದರೆ ಇವತ್ತಿನ ಸಣ್ಣ ಮೊತ್ತವಲ್ಲ. ಒಬ್ಬ ವಿದ್ಯಾರ್ಥಿಗಾಗಿ ಮನೆಪತ್ರ ಒತ್ತೆ ಇಡುವ ಪ್ರಿನ್ಸಿಪಾಲರನ್ನು ಊಹಿಸಿಕೊಳ್ಳಲು ನನಗೆ ಈಗಲೂ ಕಷ್ಟವಾಗುತ್ತದೆ. ಜಾಧವ್ ಅವರ ಬದುಕಿನಲ್ಲಿ ನನಗೆ ಪದಕಕ್ಕಿಂತ ದೊಡ್ಡದಾಗಿ ಕಾಣುವುದು ಈ ಮನೆಪತ್ರ. ಅದಿಲ್ಲದಿದ್ದರೆ ಹೆಲ್ಸಿಂಕಿಯ ನಿಯಮ ಎಷ್ಟು ಉದಾರವಾಗಿದ್ದರೂ ಅದರ ಲಾಭ ಪಡೆಯಲು ಅವರು ಅಲ್ಲಿ ಇರುತ್ತಲೇ ಇರಲಿಲ್ಲ.

ಇನ್ನು ಆ ನಿಯಮದ ವಿಚಾರ. ಆಗ ಕುಸ್ತಿಯಲ್ಲಿ ಇವತ್ತಿನ ರೆಪೆಚೇಜ್ ಇರಲಿಲ್ಲ. ಇದ್ದದ್ದು ತಪ್ಪು ಅಂಕಗಳ ಲೆಕ್ಕ. ಎದುರಾಳಿಯನ್ನು ಚಿತ್ ಮಾಡಿ ಗೆದ್ದರೆ ನಿಮ್ಮ ಖಾತೆಗೆ ಸೊನ್ನೆ. ಬರೀ ತೀರ್ಪಿನಿಂದ ಗೆದ್ದರೆ ಗೆದ್ದರೂ 1 ತಪ್ಪು ಅಂಕ. ತೀರ್ಪುಗಾರರಲ್ಲಿ ಒಮ್ಮತವಿಲ್ಲದೆ ಸೋತರೆ 2, ಪೂರ್ತಿ ಸೋತರೆ 3. ಒಟ್ಟು 5 ಆದ ಕೂಡಲೇ ಹೊರಗೆ. ಕೊನೆಗೆ ಎರಡೋ ಮೂರೋ ಮಂದಿ ಉಳಿದಾಗ ಅವರವರೊಳಗೆ ಪದಕ ನಿರ್ಧಾರ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ, ಮಜಾ ಇದೆ. ಮೊದಲ ಎರಡು ಕುಸ್ತಿ ಚಿತ್ ಮಾಡಿ ಗೆದ್ದವರ ಖಾತೆ ಖಾಲಿ. ಮೂರನೆಯದರಲ್ಲಿ ಪೂರ್ತಿ ಸೋತರೂ ಮೂರೇ ಅಂಕ, ಕಣದಲ್ಲೇ ಉಳಿಯುತ್ತಾರೆ. ಮೊದಲ ಎರಡನ್ನು ಹೇಗೋ ತೀರ್ಪಿನ ಮೇಲೆ ದಾಟಿದವರ ಖಾತೆಯಲ್ಲಿ ಆಗಲೇ ಎರಡು ಇರುತ್ತದೆ. ಮೂರನೆಯದರಲ್ಲಿ ಅದೇ ಸೋಲು ಬಂದರೆ ಐದಾಗಿ ಮನೆಗೆ ಹೋಗಬೇಕು. ಇಬ್ಬರೂ ಎರಡು ಗೆದ್ದು ಒಂದು ಸೋತವರೇ. ಒಬ್ಬರಿಗೆ ಎರಡನೇ ಅವಕಾಶ ಇದೆ, ಇನ್ನೊಬ್ಬರಿಗೆ ಇಲ್ಲ. ಅವಕಾಶ ಅಲ್ಲಿ ಕರುಣೆಯಿಂದ ಬರುತ್ತಿರಲಿಲ್ಲ, ಹಿಂದೆ ಹೇಗೆ ಗೆದ್ದಿರಿ ಎನ್ನುವುದು ಅದನ್ನು ತೀರ್ಮಾನಿಸುತ್ತಿತ್ತು. ನಾಕೌಟ್‌ಗಿಂತ ಇದು ನನಗೆ ಹೆಚ್ಚು ಇಷ್ಟ. ರೆಪೆಚೇಜ್‌ಗಿಂತಲೂ ಒಂದು ತೂಕ ಹೆಚ್ಚು, ಯಾಕೆಂದರೆ ರೆಪೆಚೇಜ್‌ನಲ್ಲಿ ನಿಮ್ಮ ಭವಿಷ್ಯ ನಿಮ್ಮನ್ನು ಸೋಲಿಸಿದವರ ಕೈಯಲ್ಲಿರುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಪರೀಕ್ಷೆ–1, 2, 3 ಎಂದು ಮೂರು ಅವಕಾಶಗಳಿದ್ದವು, ಉತ್ತಮ ಅಂಕ ಉಳಿಯುತ್ತಿತ್ತು. ಬಿ.ಇ.ಯಲ್ಲೂ ಬ್ಯಾಕ್‌ಲಾಗ್ ಬರೆದು ಪಾಸಾಗಬಹುದು. ಆದರೆ ಕ್ಯಾಂಪಸ್ ಸೆಲೆಕ್ಷನ್‌ಗೆ ಬರುವ ಕೆಲವು ಕಂಪನಿಗಳ ನೋಟಿಸ್ ನೋಡಿದ್ದೀರಾ? ಬಾಕಿ ಇರುವ ಬ್ಯಾಕ್‌ಲಾಗ್ ಇರಬಾರದು ಎನ್ನುವುದು ಒಂದು ಬಗೆ, ಅದು ಸರಿ. ಬ್ಯಾಕ್‌ಲಾಗ್‌ನ ಹಿಸ್ಟರಿಯೇ ಇರಬಾರದು ಎನ್ನುವುದು ಇನ್ನೊಂದು ಬಗೆ. ನನ್ನ ರೂಮ್‌ಮೇಟ್‌ಗೆ ಮೂರನೇ ಸೆಮಿಸ್ಟರ್‌ನಲ್ಲಿ ಡೆಂಗಿ ಜ್ವರ ಬಂದು ಗಣಿತ ಪರೀಕ್ಷೆ ಕೈತಪ್ಪಿತು. ಮುಂದಿನ ಸಲ ಬರೆದು ಒಳ್ಳೆಯ ಅಂಕದಲ್ಲೇ ಪಾಸಾದ. ಈಗ ಇಂಟರ್ನ್‌ಶಿಪ್‌ಗೆಂದು ಬಂದ ಒಂದು ಕಂಪನಿಯ ನೋಟಿಸ್ ಪ್ರಕಾರ ಅವನು ಅರ್ಜಿಯನ್ನೇ ಹಾಕುವಂತಿಲ್ಲ. ಹೆಲ್ಸಿಂಕಿಯ ತೀರ್ಪುಗಾರರು ಸೋಲನ್ನು ಮರೆಯುತ್ತಿರಲಿಲ್ಲ, ಅಂಕವಾಗಿ ಬರೆದಿಡುತ್ತಿದ್ದರು. ಆದರೆ ಐದು ಆಗುವವರೆಗೆ ಮ್ಯಾಟ್‌ನಿಂದ ಇಳಿಸುತ್ತಿರಲಿಲ್ಲ. ನಮ್ಮ ನೋಟಿಸ್‌ಗಳಲ್ಲಿ ಒಂದಕ್ಕೇ ಆಟ ಮುಗಿಯುತ್ತದೆ, ಅದೂ ಆ ಒಂದನ್ನು ತೀರಿಸಿಕೊಂಡ ಮೇಲೆ. ಇಷ್ಟು ಹೇಳಿ ಹೆಲ್ಸಿಂಕಿಗೆ ಬರುತ್ತೇನೆ.

ಜುಲೈ 1952. ಜಾಧವ್ ಕೆನಡಾದ ಏಡ್ರಿಯನ್ ಪೊಲಿಕ್ವಿನ್ ಅವರನ್ನು, ಮೆಕ್ಸಿಕೊದ ಲಿಯೊನಾರ್ಡೊ ಬಸುರ್ತೊ ಅವರನ್ನು, ಜರ್ಮನಿಯ ಫರ್ಡಿನಂಡ್ ಶ್ಮಿಟ್ಸ್ ಅವರನ್ನು ಸೋಲಿಸಿದರು. ಪದಕದ ಸಾಲಿನಲ್ಲಿ ಅವರ ಜೊತೆ ಇದ್ದವರು ಜಪಾನಿನ ಶೋಹಾಚಿ ಇಶಿಯಿ ಮತ್ತು ಸೋವಿಯತ್ ಒಕ್ಕೂಟದ ರಶೀದ್ ಮಮದ್ಬೇಕೊವ್. ಇಬ್ಬರ ಎದುರೂ ಜಾಧವ್ ಸೋತರು. ಇಶಿಯಿ ಜೊತೆಗಿನದು ದೀರ್ಘ ಕುಸ್ತಿ. ಅವರ ಬದುಕಿನ ಬಗ್ಗೆ ಬರೆದವರೆಲ್ಲ ಹೇಳುವ ಒಂದು ಸಂಗತಿ ಇದೆ. ಒಂದು ಬೌಟ್ ಮುಗಿದು ಇನ್ನೊಂದಕ್ಕೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಆ ದಿನ ದಣಿದಿದ್ದ ಜಾಧವ್ ಅವರನ್ನು ಮಮದ್ಬೇಕೊವ್ ಜೊತೆಗಿನ ಕುಸ್ತಿಗೆ ಬೇಗನೆ ಕರೆದರು. ಇದು ಸರಿಯಲ್ಲ ಎಂದು ಅವರ ಪರವಾಗಿ ವಾದಿಸಲು ಭಾರತದ ಅಧಿಕಾರಿಗಳು ಯಾರೂ ಹತ್ತಿರ ಇರಲಿಲ್ಲ. ನಿಯಮ ಇದ್ದರೆ ಸಾಲದು, ಅದನ್ನು ಓದಿ ಹೇಳುವವರೂ ಮ್ಯಾಟ್ ಪಕ್ಕದಲ್ಲಿ ಇರಬೇಕಾಗುತ್ತದೆ. ಜುಲೈ 23ರಂದು ಇಶಿಯಿಗೆ ಚಿನ್ನ, ಮಮದ್ಬೇಕೊವ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು.

ಚಿನ್ನ ಗೆದ್ದ ಇಶಿಯಿ ಕಥೆಯೂ ಕುತೂಹಲದ್ದು. ಅವರು ಮೊದಲು ಜೂಡೊ ಆಡುತ್ತಿದ್ದವರು. ಯುದ್ಧ ಸೋತ ಜಪಾನಿನಲ್ಲಿ ಅಮೆರಿಕದ ಆಡಳಿತ ಜೂಡೊ ನಿಷೇಧಿಸಿದ್ದರಿಂದ ಕುಸ್ತಿಗೆ ಬಂದರು. ಹೆಲ್ಸಿಂಕಿಯಲ್ಲಿ ಜಪಾನಿಗೆ ಸಿಕ್ಕಿದ ಏಕೈಕ ಚಿನ್ನ ಅವರದೇ.

ಜಾಧವ್ ಪದಕ ಗೆದ್ದ ಮರುದಿನ, ಜುಲೈ 24ರಂದು, ಅದೇ ಊರಿನಲ್ಲಿ ಭಾರತದ ಹಾಕಿ ತಂಡ ನೆದರ್ಲೆಂಡ್ಸನ್ನು 6–1ರಿಂದ ಸೋಲಿಸಿ ಸತತ ಐದನೇ ಚಿನ್ನ ಗೆದ್ದಿತು. ಐದು ಗೋಲು ಬಲ್ಬೀರ್ ಸಿಂಗ್ ಅವರದು. ಹಾಕಿಯವರು ಆಡಿದ್ದು ನಾಕೌಟ್, ಒಟ್ಟು ಮೂರೇ ಪಂದ್ಯ, ಮೂರೂ ಗೆಲುವು. ಹಾಕಿ ಎಂದರೆ ಪ್ರಾಣ ಬಿಡುವ ಜಿಲ್ಲೆಯವನಾಗಿ ನನಗೆ ಆ ಚಿನ್ನದ ಬಗ್ಗೆ ಹೆಮ್ಮೆಯೇ. ಆದರೆ ಹಿಂದಿನ ದಿನದ ಕಂಚು ಅದರ ಬೆಳಕಿನಲ್ಲಿ ಮಂಕಾದದ್ದೂ ನಿಜ.

ಮಂಕಾಗದೇ ಇದ್ದದ್ದು ಕರಾಡದಲ್ಲಿ. ಊರಿಗೆ ಬಂದ ಜಾಧವ್ ಅವರನ್ನು 151 ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಕಾಲು ಗಂಟೆಯ ದಾರಿ ಸವೆಸಲು ಏಳು ಗಂಟೆ ಹಿಡಿಯಿತಂತೆ. ಹಾರ ತುರಾಯಿ ಬಾಡಿದ ಮೇಲೆ ಅವರು ಮಾಡಿದ ಕೆಲಸ ಎಂದರೆ ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ತಾವೂ ಆಡಿ, ಬಂದ ಹಣದಲ್ಲಿ ಖರ್ಡೀಕರ್ ಅವರ ಮನೆಯ ಸಾಲ ತೀರಿಸಿದ್ದು.

1955ರಲ್ಲಿ ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಮೊಣಕಾಲಿನ ಗಾಯದಿಂದ 1956ರ ಮೆಲ್ಬರ್ನ್ ಒಲಿಂಪಿಕ್ಸ್ ಕೈತಪ್ಪಿತು. ಆಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ಹೇಳಲು ಸಂತೋಷವೂ ಇಲ್ಲ. 27 ವರ್ಷ ನೌಕರಿ ಮಾಡಿ ಅಸಿಸ್ಟೆಂಟ್ ಕಮಿಷನರ್ ಆಗಿ ನಿವೃತ್ತರಾದರು. ಪಿಂಚಣಿಗಾಗಿ ಅಲೆಯಬೇಕಾಯಿತು. ಕೊನೆಯ ದಿನಗಳು ಬಡತನದಲ್ಲೇ ಕಳೆದವು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬದುಕಿದ್ದಾಗ ಅರ್ಜುನ ಪ್ರಶಸ್ತಿಯೂ ಬರಲಿಲ್ಲ, ಪದ್ಮ ಪ್ರಶಸ್ತಿಯೂ ಬರಲಿಲ್ಲ. ಅರ್ಜುನ ಬಂದದ್ದು ಮರಣೋತ್ತರವಾಗಿ, 2000ನೇ ಸಾಲಿನಲ್ಲಿ. ಕುಸ್ತಿಯ ಮ್ಯಾಟ್ ಮೇಲೆ ಸೋತವರಿಗೆ ಐದು ಅಂಕದವರೆಗೆ ಅವಕಾಶ ಕೊಡುವ ನಿಯಮ ಇತ್ತು. ತಡವಾಗಿ ಎಚ್ಚರಾದ ಸರ್ಕಾರಕ್ಕೆ ಅಂಥ ನಿಯಮ ಇಲ್ಲ, ಮನುಷ್ಯ ಹೋದ ಮೇಲೆ ಕೊಡುವವರಿಗೆ ಎರಡನೇ ಸುತ್ತು ಸಿಗುವುದಿಲ್ಲ.

ಅವರ ನಂತರ ಭಾರತಕ್ಕೆ ಮತ್ತೊಂದು ವೈಯಕ್ತಿಕ ಒಲಿಂಪಿಕ್ ಪದಕ ಬರಲು 44 ವರ್ಷ ಹಿಡಿಯಿತು. 1996ರಲ್ಲಿ ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದರು. ಅದೂ ಸೋತ ಮೇಲೆ ಗೆದ್ದದ್ದೇ. ಸೆಮಿಫೈನಲ್‌ನಲ್ಲಿ ಆಂಡ್ರೆ ಅಗಾಸಿ ಎದುರು ಸೋತು, ಕಂಚಿಗಾಗಿ ನಡೆದ ಪಂದ್ಯದಲ್ಲಿ ಬ್ರೆಜಿಲ್‌ನ ಫರ್ನಾಂಡೊ ಮೆಲಿಗೆನಿಯನ್ನು ಸೋಲಿಸಿದರು. ವಿಂಬಲ್ಡನ್‌ನಂತಹ ಟೂರ್ನಿಗಳಲ್ಲಿ ಇಂಥ ಪಂದ್ಯವೇ ಇರುವುದಿಲ್ಲ, ಸೆಮಿಫೈನಲ್ ಸೋತರೆ ಬ್ಯಾಗು ಹೆಗಲಿಗೇರಿಸಿ ಹೋಗುವುದೇ.

ಗೋಳೇಶ್ವರದಲ್ಲಿ ಜಾಧವ್ ಅವರ ಮನೆಗೆ ಒಲಿಂಪಿಕ್ ನಿವಾಸ ಎಂದು ಹೆಸರಿದೆ. 2010ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಸಭಾಂಗಣಕ್ಕೆ ಅವರ ಹೆಸರಿಟ್ಟರು. 2020ರ ಏಷ್ಯನ್ ಕುಸ್ತಿ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲೇ. ಅಂಥ ಕೂಟಗಳಲ್ಲಿ ಬೆಳಗಿನ ಸುತ್ತಿನಲ್ಲೇ ಸೋತವರು ತಕ್ಷಣ ಬಟ್ಟೆ ಬದಲಿಸಿ ಹೊರಡುವುದಿಲ್ಲ. ಹೆಗಲ ಮೇಲೆ ಟವಲು ಹಾಕಿಕೊಂಡು, ತಮ್ಮನ್ನು ಈಗಷ್ಟೇ ಸೋಲಿಸಿದವರ ಮುಂದಿನ ಕುಸ್ತಿಯನ್ನು ನೋಡುತ್ತಾ ಕುಳಿತಿರುತ್ತಾರೆ.